ಸೂಚನೆ ಹಾಳೆಯ ಮೊದಲ ಸಾಲು

ಫೆಬ್ರವರಿ 3, ಸೋಮವಾರ

ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಬೈಗುಳ ಬರೆಯುವಂತಿಲ್ಲ. ಇಪ್ಪತ್ತು ವರ್ಷ ತಡೆದುಕೊಂಡೆ, ಇನ್ನು ಆಗುವುದಿಲ್ಲ. ಅದಕ್ಕೇ ಈ ಡೈರಿ. ಇದನ್ನು ಓದುವವಳು ನಾನೊಬ್ಬಳೇ, ಆದ್ದರಿಂದ ಯಾರ ಮುಲಾಜೂ ಇಲ್ಲ.

ಬೆಳಿಗ್ಗೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ಸರ್, ಕರೆದು ವಿಷಯ ಹೇಳಿದರು. ಮೇ 26ಕ್ಕೆ ಪರಿಶೀಲನಾ ಸಮಿತಿ ಬರುತ್ತದೆ. ಅಷ್ಟರೊಳಗೆ ಮೂರು ಬೇರೆ ಬೇರೆ ಕರುಗಳ ಹೊಕ್ಕುಳಬಳ್ಳಿಯಿಂದ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೇರ್ಪಡಿಸಿ ಬೆಳೆಸಬೇಕು, ಅವು ನಿಜಕ್ಕೂ ಕಾಂಡಕೋಶಗಳೇ ಎಂದು ಪರೀಕ್ಷೆ ಮಾಡಿ ತೋರಿಸಬೇಕು. ತೋರಿಸಿದರೆ ಪ್ರಯೋಗಾಲಯದ ಕೋಣೆ ನಮ್ಮದು. ಇಲ್ಲದಿದ್ದರೆ ಕೋಣೆ ಎದುರಿನ ವಿಭಾಗದವರಿಗೆ, ಸರ್ ಬರೀ ಪಾಠ ಮಾಡುವುದಕ್ಕೆ, ನಾನು ಮತ್ತೆ ಹಾಲಿನ ಕೊಬ್ಬು ಅಳೆಯುವುದಕ್ಕೆ. ಒಂಬತ್ತು ವರ್ಷ ಹಾಲು ಅಳೆದವಳು ನಾನು. ಆ ಹುಳಿ ವಾಸನೆ ನೆನೆಸಿಕೊಂಡರೆ ಈಗಲೂ ಊಟ ಸೇರುವುದಿಲ್ಲ.

ಸರ್ ಮುಖ ಸಪ್ಪಗಿತ್ತು. ಒಳ್ಳೆಯ ಮನುಷ್ಯ, ಆದರೆ ಸಮಿತಿ ಎಂಬ ಪದ ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ನೀವು ನೆಮ್ಮದಿಯಾಗಿರಿ ಸರ್, ನನ್ನ ಕೈಯಲ್ಲಿ ಬೆಳೆಯದ ಕೋಶ ಇನ್ನೂ ಹುಟ್ಟಿಲ್ಲ ಎಂದೆ. ಸುಳ್ಳೇನಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಒಂದು ತಟ್ಟೆಯೂ ಬೂಷ್ಟು ಹಿಡಿದಿಲ್ಲ.

ಇರುವ ತಲೆನೋವು ಒಂದೇ, ಕೊಟ್ಟಿಗೆ. ಬಳ್ಳಿ ಬರಬೇಕಾದದ್ದು ನಮ್ಮ ಪಶುವೈದ್ಯ ಕಾಲೇಜಿನ ಆವರಣದ ಆ ತುದಿಯಲ್ಲಿರುವ ಹಸುವಿನ ಕೊಟ್ಟಿಗೆಯಿಂದ. ಅಲ್ಲಿ ಒಬ್ಬ ಇದ್ದಾನೆ, ಐವತ್ತೈದರ ಮೇಲಿನ ಆಸಾಮಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಓಡಾಡುತ್ತಿರುತ್ತಾನೆ. ಅವನಿಗೆ ಶುಚಿ ಎಂದರೇನೆಂದು ಗೊತ್ತಿರುವ ಲಕ್ಷಣ ಕಾಣಲಿಲ್ಲ. ಆದ್ದರಿಂದ ಸೂಚನೆ ಹಾಳೆ ಬರೆದು ಕಳಿಸಿದೆ:

1. ಬಳ್ಳಿ ಶುದ್ಧವಾಗಿರಬೇಕು.
2. ಒಂದು ಗೇಣು ಉದ್ದ ಕತ್ತರಿಸಿ ಡಬ್ಬಿಯ ಉಪ್ಪುನೀರಿನಲ್ಲಿ ಹಾಕಬೇಕು.
3. ಡಬ್ಬಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕೂಡಲೇ ತಲುಪಿಸಬೇಕು.

"ಶುದ್ಧ" ಎಂಬ ಪದದ ಕೆಳಗೆ ಒಂದು ಗೆರೆ ಎಳೆದೆ.

ಫೆಬ್ರವರಿ 4, ಮಂಗಳವಾರ

ನಲವತ್ತೊಂದನೆಯ ನಂಬರಿನ ಹಸು ಬೆಳಿಗ್ಗೆ ಕರು ಹಾಕಿತು. ಒಂಬತ್ತೂವರೆಗೆ ಡಬ್ಬಿ ನನ್ನ ಮೇಜಿನ ಮೇಲೆ. ಮಾದರಿ ಒಂದು. ಉಪ್ಪುನೀರಿಗೆ ತಿಳಿಹಳದಿ ಬಣ್ಣ ಬಂದಿತ್ತು. ಗಂಜಲವೋ ಏನೋ. ನಾಲ್ಕು ಸಲ ತೊಳೆದೆ.

ಸೋಸಿದ ಗಾಳಿ ಬೀಸುವ ಗಾಜಿನ ಗೂಡಿನೊಳಗೆ ಕೈಯಿಟ್ಟರೆ ನನಗೆ ಹೊರಗಿನ ಪ್ರಪಂಚ ಬೇಕಿಲ್ಲ. ಬಳ್ಳಿಯನ್ನು ಉದ್ದಕ್ಕೆ ಸೀಳಿ, ರಕ್ತನಾಳಗಳನ್ನು ಎಳೆದು ತೆಗೆದು, ಉಳಿಯುವ ಲೋಳೆಯಂಥ ಭಾಗವನ್ನು ಅಕ್ಕಿನುಚ್ಚಿನಷ್ಟು ಸಣ್ಣದಾಗಿ ಕತ್ತರಿಸಿ ತಟ್ಟೆಯಲ್ಲಿ ಸಾಲಾಗಿ ಕೂರಿಸಿದೆ. ಮೇಲೆ ಗುಲಾಬಿ ಬಣ್ಣದ ಪೋಷಕ ದ್ರಾವಣ. ಆಮೇಲೆ ಹಸುವಿನ ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನಲ್ಲಿಟ್ಟು ಬಾಗಿಲು ಹಾಕಿದೆ. ಐದಾರು ದಿನ ಅಲುಗಾಡಿಸಬಾರದು. ಜೀವವಿದ್ದರೆ ತುಂಡುಗಳ ಅಂಚಿನಿಂದ ಕೋಶಗಳು ತಾವಾಗಿ ಹೊರಗೆ ಹರಿದು ಬಂದು ತಟ್ಟೆಗೆ ಅಂಟಿಕೊಳ್ಳುತ್ತವೆ.

ಒಂದು ತುಂಡೂ ಸಾಲು ತಪ್ಪಿಲ್ಲ. ಫೋಟೊ ತೆಗೆದಿಡಬೇಕಿತ್ತು.

ಫೆಬ್ರವರಿ 12, ಬುಧವಾರ

ಏನೂ ಇಲ್ಲ. ಎಂಟು ದಿನವಾಯಿತು, ತುಂಡುಗಳು ಇಟ್ಟ ಹಾಗೇ ಕುಳಿತಿವೆ, ಒಂದು ಕೋಶವೂ ಹೊರಗೆ ಕಾಲಿಟ್ಟಿಲ್ಲ. ದ್ರಾವಣಕ್ಕೆ ಹಾಕುವ ಸೀರಮ್ ಹಳೆಯದು, ಅದೇ ಕಾರಣ. ಹೊಸ ಬಾಟಲಿ ತರಿಸಲು ಸರ್‌ಗೆ ಹೇಳಿದೆ. ಕೊಟ್ಟಿಗೆಗೂ ಹೊಸ ಹಾಳೆ ಕಳಿಸಿದೆ. ಮಾತು ಅದೇ, ಗೆರೆ ಎರಡು.

ಫೆಬ್ರವರಿ 19, ಬುಧವಾರ

ಮಾದರಿ ಎರಡು. ಈ ಸಲ ನೀರು ಕಡು ಹಳದಿ! ಗೆರೆ ಹೆಚ್ಚಿದಷ್ಟೂ ಕೊಳೆ ಹೆಚ್ಚಾಗುವುದನ್ನು ಇಲ್ಲೇ ನೋಡಿದ್ದು. ಎಂಟು ಸಲ ತೊಳೆದೆ. ಸರ್ ಹತ್ತಿರ ಹೋಗಿ ಕೊಟ್ಟಿಗೆಯವನ ಮೇಲೆ ದೂರು ಹೇಳಿದೆ. ಒಂದು ಸಲ ಹೋಗಿ ನೋಡಿಕೊಂಡು ಬನ್ನಿ ಎಂದರು. ನಾನಾ? ಅತ್ತೆ ಗಂಜಿ ಹಾಕಿ ಕಾಗದದ ಹಾಗೆ ಮಾಡಿಕೊಟ್ಟ ಬಿಳಿ ಕೋಟು ತೊಟ್ಟುಕೊಂಡು ಸಗಣಿ ತುಳಿಯಲಾ? ಅಲ್ಲಿಗೆ ಹೋಗಿ ನೋಡುವಂಥದ್ದು ಏನಿದೆ, ಡಬ್ಬಿಯೇ ಎಲ್ಲ ಹೇಳುತ್ತಿದೆ.

ಫೆಬ್ರವರಿ 27, ಗುರುವಾರ

ಎರಡನೆಯದೂ ಸತ್ತಿತು. ಸೀರಮ್ ಹೊಸದು, ಇನ್‌ಕ್ಯುಬೇಟರ್ ಸರಿಯಿದೆ, ನನ್ನ ಕೈಯಂತೂ ಸರಿಯೇ ಇದೆ. ಉಳಿದವನು ಒಬ್ಬನೇ.

ಮಧ್ಯಾಹ್ನ ಎದುರಿನ ವಿಭಾಗದವರು ಅಳತೆ ಟೇಪು ಹಿಡಿದು ಬಂದರು. ಸುಮ್ಮನೆ ನೋಡೋಣ ಅಂತ ಎಂದು ಹಲ್ಲು ಕಿರಿದರು. ನನ್ನ ಇನ್‌ಕ್ಯುಬೇಟರ್ ಇರುವ ಗೋಡೆಯನ್ನು ಅಳೆದು, ಇಲ್ಲಿ ಎರಡು ಬೀರು ಹಿಡಿಸುತ್ತವೆ ಎಂದು ನನ್ನ ಎದುರಿಗೇ ಮಾತಾಡಿಕೊಂಡರು. ನಾನು ನಕ್ಕು, ಬೀರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಕೇಳಿದೆ. ಅವರಿಗೆ ಕೊಂಕು ಅರ್ಥವಾಗಲಿಲ್ಲ, ಎಡಕ್ಕೆ ಎಂದರು.

ಮನೆಗೆ ಬಂದು ಸಿಟ್ಟಿನಲ್ಲೇ ಮೂರನೆಯ ಹಾಳೆ ಬರೆದೆ. ಕೆಂಪು ಇಂಕು. "ಶುದ್ಧ"ಕ್ಕೆ ಮೂರು ಗೆರೆ. ಕಾಗದ ಹರಿಯುವುದೊಂದು ಬಾಕಿ.

ಮಾರ್ಚ್ 4, ಮಂಗಳವಾರ

ಮಾದರಿ ಮೂರು. ನೀರು ಕಂದು. ಕಂದು! ಡಬ್ಬಿಯ ಮುಚ್ಚಳವೂ ಸರಿಯಾಗಿ ಕೂತಿರಲಿಲ್ಲ, ಎತ್ತಿಕೊಳ್ಳುವಾಗ ಸೋರಿ ಕೋಟಿನ ಮುಂಭಾಗವೆಲ್ಲ ಕಲೆ. ಇಡೀ ದಿನ ಆ ಕಲೆ ಹೊತ್ತುಕೊಂಡೇ ಓಡಾಡಿದೆ. ಆ ಮನುಷ್ಯ ಬೇಕೆಂದೇ ಬಳ್ಳಿಯನ್ನು ಸಗಣಿಯಲ್ಲಿ ಹೊರಳಿಸಿ ಕಳಿಸುತ್ತಾನೆ ಎನ್ನುವುದರಲ್ಲಿ ನನಗೀಗ ಅನುಮಾನ ಉಳಿದಿಲ್ಲ. ಗುರುವಾರ ಹೋಗಿ ಗ್ರಹಚಾರ ಬಿಡಿಸುತ್ತೇನೆ.

ಮಾರ್ಚ್ 5, ಬುಧವಾರ

ಇವತ್ತು ನಡೆದದ್ದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಕೋಟು ಕೇಳಿದರೆ ಅತ್ತೆ ಹಗ್ಗದ ಕಡೆ ಕೈ ತೋರಿಸಿದರು. ಬಿಳಿ ಕೋಟಿನ ಎದೆಯ ಮೇಲೆ ಅಂಗೈಯಗಲದ ಕಡುನೀಲಿ ಮಚ್ಚೆ. ಹೊಟ್ಟೆ ಉರಿದುಹೋಯಿತು. ನೀಲಿ ಬಟ್ಟೆಯ ಜೊತೆ ನೆನೆಹಾಕಿದಿರಾ ಎಂದು ಜಗಳಕ್ಕೇ ನಿಂತೆ. ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಅವರ ಮುಂದೆ ಬಟ್ಟೆಯ ವಿಷಯ ಎತ್ತಿದರೆ ಸರ್ ಮುಂದೆ ವಿಜ್ಞಾನದ ವಿಷಯ ಎತ್ತಿದ ಹಾಗೆ. ಅವರು ಸಿಟ್ಟಾಗಲೂ ಇಲ್ಲ.

"ನನ್ನ ಮೇಲೆ ಯಾಕಮ್ಮ ಹಾರಾಡ್ತೀಯ? ಟಿಂಚರ್ ಚೆಲ್ಲಿಕೊಂಡು ಬಂದಿದ್ದು ನೀನು. ಟಿಂಚರ್ ಬಿದ್ದ ಬಟ್ಟೆ ಗಂಜಿಗೆ ಹಾಕಿದ್ರೆ ನೀಲಿ ಆಗುತ್ತೆ. ನಮ್ಮ ಆಸ್ಪತ್ರೇಲಿ ದಿನಾ ನೋಡ್ತಿದ್ವಿ."

ಜಗಳ ಅಲ್ಲಿಗೇ ಬಿಟ್ಟೆ. ಗಂಜಿ ಎಂದರೆ ಪಿಷ್ಟ. ಪಿಷ್ಟಕ್ಕೆ ಅಯೋಡಿನ್ ತಾಗಿದರೆ ನೀಲಿ. ಶಾಲೆಯ ಮಕ್ಕಳಿಗೂ ಗೊತ್ತಿರುವ ಪಾಠ. ನಾನು ನಿನ್ನೆ ಟಿಂಚರ್ ಮುಟ್ಟಿಯೇ ಇಲ್ಲ, ಚೆಲ್ಲಿದ್ದು ಡಬ್ಬಿಯ ನೀರು.

ಅಂದರೆ ಡಬ್ಬಿಯಲ್ಲಿ ಇದ್ದದ್ದು ಸಗಣಿಯಲ್ಲ, ಗಂಜಲವಲ್ಲ, ಅಯೋಡಿನ್. ಕ್ರಿಮಿಗಳನ್ನು ಕೊಲ್ಲುವ ಆ ಔಷಧಿಗೆ ಇದು ಕ್ರಿಮಿ, ಇದು ಕೋಶ ಎಂಬ ಭೇದವಿಲ್ಲ. ನನ್ನ ಮೂರು ಮಾದರಿಗಳೂ ನನ್ನ ಮೇಜಿಗೆ ಬರುವ ಮೊದಲೇ ಸತ್ತಿದ್ದವು. ಸತ್ತ ಮೇಲೆ ನಾನು ಅವುಗಳನ್ನು ಎಂಟೆಂಟು ಸಲ ತೊಳೆದೆ.

ಅತ್ತೆಗೆ ಸಾರಿ ಕೇಳಿದೆ. ನಮ್ಮನೆಯವರು ಓದುತ್ತಿದ್ದ ಪೇಪರ್ ಕೆಳಗಿಳಿಸಿ ನನ್ನ ಮುಖ ನೋಡಿದರು.

ಮಾರ್ಚ್ 6, ಗುರುವಾರ

ಕೊಟ್ಟಿಗೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಅವನು ಮೊನ್ನೆ ಹುಟ್ಟಿದ ಕರುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದು ಸಣ್ಣ ಲೋಟದಲ್ಲಿ ಟಿಂಚರ್ ತುಂಬಿ, ಕರುವಿನ ಹೊಟ್ಟೆಯಡಿ ನೇತಾಡುವ ಹೊಕ್ಕುಳದ ತುಂಡನ್ನು ಅದರೊಳಗೆ ಅದ್ದಿ ಹಿಡಿದು, ಬಾಯಲ್ಲಿ ಏನೋ ಎಣಿಸುತ್ತಿದ್ದ. ನೆಲ ಒದ್ದೆಯಿತ್ತು, ಆದರೆ ಚೊಕ್ಕಟವಾಗಿತ್ತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಬಳ್ಳಿಗೆ ಟಿಂಚರ್ ಹಾಕಿದ್ದು ಯಾರು ಎಂದೆ. ನಾನೇ ಎಂದ. ಯಾಕೆ ಎಂದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನೀವೇ ಬರ್ದಿದ್ರಲ್ಲ ಮೇಡಂ, ಶುದ್ಧವಾಗಿರಬೇಕು ಅಂತ. ಒಂದು ಗೆರೆ ಎಳ್ದಿದ್ರಿ, ಒಂದು ಸಲ ಅದ್ದಿದೆ. ಎರಡು ಗೆರೆ ಬಂತು, ಎರಡು ಸಲ ಅದ್ದಿದೆ. ಕೆಂಪಲ್ಲಿ ಮೂರು ಗೆರೆ ನೋಡಿ ಹೆದರಿಕೊಂಡು, ಮೂರು ಸಲ ಅದ್ದಿ ಸ್ವಲ್ಪ ಹೊತ್ತು ನೆನೆಯೋಕೂ ಬಿಟ್ಟೆ."

ಜೋಡಿಸಿಕೊಂಡು ಹೋಗಿದ್ದ ಬೈಗುಳವನ್ನೆಲ್ಲ ಹಾಗೇ ವಾಪಸು ತಂದೆ.

ಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳನ್ನು ತೋರಿಸಿದ. ಒಂದು ಗೀಟಿಗೆ ಒಂದು ಕರು. ಹಿಂದೆ ಒಂದೇ ವರ್ಷ ಏಳು ಕರು ಹೊಕ್ಕುಳ ಬಾತು, ಕೀವಾಗಿ ಸತ್ತವಂತೆ. ಆಮೇಲೆ ಹೀಗೆ ಅದ್ದುವುದನ್ನು ಕಲಿತನಂತೆ. ಹನ್ನೊಂದು ವರ್ಷವಾಯಿತು, ಒಂದು ಹೊಕ್ಕುಳವೂ ಕೆಟ್ಟಿಲ್ಲ. "ನಿಮ್ಮ ಬಳ್ಳೀನೂ ಹಂಗೇ ನೋಡ್ಕೊಂಡೆ" ಎಂದ.

ನನಗೆ ಶುದ್ಧ ಎಂದರೆ ಏನೂ ತಾಗದಿರುವುದು. ಈ ಮನುಷ್ಯನಿಗೆ ಶುದ್ಧ ಎಂದರೆ ಟಿಂಚರ್ ತಾಗಿರುವುದು. ಹಾಳೆಯಲ್ಲಿ ಯಾವುದು ಎಂದು ಬರೆದಿರಲಿಲ್ಲ. ಸರಿಯಾಗಿ ನೋಡಿದರೆ ತಪ್ಪು ಹಾಳೆಯದು. ಹಾಳೆ ಬರೆದದ್ದು ನಾನು ಎನ್ನುವುದೂ ನಿಜ. ಇದನ್ನು ಸರ್‌ಗೆ ಈಗಲೇ ಹೇಳುವ ಅಗತ್ಯವಿಲ್ಲ.

ಇನ್ನು ಮುಂದೆ ಕರು ಹಾಕುವಾಗ ನಾನೇ ಹೋಗಿ ನಿಲ್ಲುತ್ತೇನೆ. ಬಳ್ಳಿ ಮೊದಲು ನನ್ನ ಡಬ್ಬಿಗೆ, ಆಮೇಲೆ ಕರುವಿಗೆ ಟಿಂಚರ್. ಒಂದು ತಿಂಗಳು ದಂಡವಾಯಿತು. ಆದರೂ ಕಾರಣ ಸಿಕ್ಕಿತಲ್ಲ, ಇನ್ನು ನನ್ನನ್ನು ಹಿಡಿಯುವವರಿಲ್ಲ.

ಮಾರ್ಚ್ 10, ಸೋಮವಾರ

ಹದಿನೇಳನೆಯ ನಂಬರು ಕರು ಹಾಕಿತು. ಹನ್ನೊಂದು ಗಂಟೆಗೆ ಫೋನು ಬಂದಾಗ ಕತ್ತರಿ, ಇಕ್ಕಳ, ಗ್ಲೌಸು ಎಲ್ಲ ಸಿದ್ಧವಿತ್ತು. ನಾನು ಮಾತ್ರ ಸಿದ್ಧವಿರಲಿಲ್ಲ. ಬಾಗಿಲಲ್ಲೇ ಜಾರಿ ಕೂತೆ. ಕೊಟ್ಟಿಗೆಯವನು ನಗಲಿಲ್ಲ, ಒಂದು ಜೊತೆ ರಬ್ಬರ್ ಬೂಟು ತಂದಿಟ್ಟ. ನನ್ನ ಕಾಲಿಗೆ ಸರಿಯಾದ ಅಳತೆ. ಎಲ್ಲಿಂದ ತಂದನೋ.

ಕರು ಬರುವುದನ್ನು ನಾನು ನೋಡಿದ್ದು ಇದೇ ಮೊದಲು. ಪಶುವೈದ್ಯ ಕಾಲೇಜಿನಲ್ಲಿ ಇಪ್ಪತ್ತು ವರ್ಷ! ಮುಂಗಾಲು ಎರಡು, ಮೂಗು, ಆಮೇಲೆ ಒಮ್ಮೆಗೇ ಇಡೀ ಕರು. ಬಳ್ಳಿ ತಾನಾಗಿ ಹರಿಯಿತು. ಹಸುವಿನ ಕಡೆ ನೇತಾಡುತ್ತಿದ್ದ ಭಾಗವನ್ನು ನೆಲಕ್ಕೆ ತಾಗುವ ಮೊದಲೇ ಹಿಡಿದು ಕತ್ತರಿಸಿದೆ. ನೀರು ಗಾಜಿನಷ್ಟು ತಿಳಿಯಾಗಿತ್ತು. ಮಾದರಿ ನಾಲ್ಕು.

ಆ ಹಸುವಿಗೆ ಗಯ್ಯಾಳಿ ಎಂದು ಹೆಸರಂತೆ. ಹೆಸರು ಹಿಡಿದು ಕರೆಯಿರಿ, ನಂಬರಿಗೆ ಅವಳು ತಿರುಗಿ ನೋಡುವುದಿಲ್ಲ ಎಂದರು ಕೊಟ್ಟಿಗೆಯವರು. ಹಸುವನ್ನು ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ನನಗಿಲ್ಲ.

ಮಾರ್ಚ್ 16, ಭಾನುವಾರ

ಬಂದಿವೆ!

ರಜೆಯ ದಿನ ಹೋಗಬೇಕಿರಲಿಲ್ಲ, ಮನಸ್ಸು ತಡೆಯಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಪ್ರತಿ ತುಂಡಿನ ಸುತ್ತಲೂ ಉದ್ದುದ್ದನೆಯ ಕೋಶಗಳು, ಎರಡು ತುದಿ ಚೂಪು, ನಡು ದಪ್ಪ, ನೂಲುವ ಕದಿರಿನ ಹಾಗೆ. ತಟ್ಟೆಯ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿವೆ. ಮೊದಲನೆಯ ಪರೀಕ್ಷೆಯೇ ಅದು, ಕಾಂಡಕೋಶವಾದರೆ ತಟ್ಟೆಗೆ ಅಂಟಬೇಕು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರ್‌ಗೆ ಫೋನು ಮಾಡಿದೆ. ಅವರು ಮೂರು ಸಲ ಹೌದಾ ಎಂದರು.

ಹೇಗೂ ಬಂದಿದ್ದೆನಲ್ಲ ಎಂದು ಕೊಟ್ಟಿಗೆಗೂ ಹೋಗಿ ಹೇಳಿದೆ. ಕೊಟ್ಟಿಗೆಯವರು, ಹಂಗಾದ್ರೆ ಗಯ್ಯಾಳಿಗೆ ಈಗ ಎರಡು ಕಡೆ ಕರು ಎಂದರು. ಹಾಗಲ್ಲ, ಕೋಶ ಬೇರೆ ಕರು ಬೇರೆ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಕೊನೆಗೆ, ಆಯ್ತು ಮೇಡಂ, ಅಲ್ಲಿರೋದನ್ನ ನೀವು ನೋಡ್ಕೊಳ್ಳಿ, ಇಲ್ಲಿರೋದನ್ನ ನಾನು ನೋಡ್ಕೊಳ್ತೀನಿ ಎಂದರು. ಮಾತು ತಪ್ಪೇನಲ್ಲ.

ಮಾರ್ಚ್ 21, ಶುಕ್ರವಾರ

ಮಾದರಿ ಐದು. ದೊರೆಸಾನಿ ಹೆಣ್ಣು ಕರು ಹಾಕಿದಳು. ಹತ್ತೇ ನಿಮಿಷದ ಕೆಲಸ. ಅವಳ ಗತ್ತೇ ಬೇರೆ, ನಮ್ಮನ್ನು ತಿರುಗಿಯೂ ನೋಡಲಿಲ್ಲ.

ಏಪ್ರಿಲ್ 2, ಬುಧವಾರ

ನಾಲ್ಕೂ ಐದೂ ತಟ್ಟೆ ತುಂಬಾ ಬೆಳೆದಿವೆ. ನಾಲ್ಕನೆಯದನ್ನು ಮೂರು ಪಾಲು ಮಾಡಿ ನಿಜವಾದ ಪರೀಕ್ಷೆಗೆ ಇಟ್ಟಿದ್ದೇನೆ. ಕಾಂಡಕೋಶ ಹೌದಾದರೆ ಒಂದು ಪಾಲು ಕೊಬ್ಬಿನ ಕೋಶವಾಗಬೇಕು, ಒಂದು ಮೂಳೆಯದಾಗಬೇಕು, ಒಂದು ಮೃದ್ವಸ್ಥಿಯದು. ಇಪ್ಪತ್ತೊಂದು ದಿನ ಬೇಕು. ಮೂರನ್ನೂ ಆಗಬಲ್ಲದ್ದು ಮಾತ್ರ ಕಾಂಡಕೋಶ.

ಬೇಕಾಗಿರುವುದು ಇನ್ನು ಒಂದೇ ಒಂದು ಕರು. ಲೆಕ್ಕ ಹಾಕಿದೆ. ಏಪ್ರಿಲ್ 12ರೊಳಗೆ ಬಳ್ಳಿ ಸಿಕ್ಕರೆ ಮೇ 26ಕ್ಕೆ ಮುಟ್ಟುತ್ತದೆ. ಒಂದು ದಿನ ದಾಟಿದರೂ ಎರಡೇ ಮಾದರಿ. ಎರಡಕ್ಕೆ ಕೋಣೆ ಉಳಿಯುವುದಿಲ್ಲ, ಇದನ್ನು ಸರ್ ಸಮಿತಿಯವರ ಬಾಯಿಂದಲೇ ಕೇಳಿ ಬಂದಿದ್ದಾರೆ. ಈಗ ತುಂಬು ಗಬ್ಬವಾಗಿರುವುದು ಒಬ್ಬಳೇ, ಸೋಮಾರಿ. ಹೆಸರಿಗೆ ತಕ್ಕ ಹಾಗೆ ದಿನ ಮೀರಿದರೂ ಮಲಗಿ ಮೆಲುಕು ಹಾಕುತ್ತಿದ್ದಾಳೆ.

ಈಚೆಗೆ ಮಧ್ಯಾಹ್ನದ ಊಟ ಕೊಟ್ಟಿಗೆಯ ಕಟ್ಟೆಯ ಮೇಲೇ ಮಾಡುತ್ತೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಏಪ್ರಿಲ್ 9, ಬುಧವಾರ

ಸೋಮಾರಿಗೆ ಯಾವ ಅವಸರವೂ ಇಲ್ಲ. ಎದುರಿನವರ ಎರಡು ಬೀರು ಬಂದು ನಮ್ಮ ಬಾಗಿಲ ಪಕ್ಕದ ಪಡಸಾಲೆಯಲ್ಲಿ ನಿಂತಿವೆ. ಬಾಗಿಲು ಎಡಕ್ಕೇ ತೆರೆಯುತ್ತದೆ, ನೋಡಿದೆ.

ಆಗುತ್ತದೆ. ಆಗಲೇಬೇಕು.

ಏಪ್ರಿಲ್ 11, ಶುಕ್ರವಾರ

ಕೈ ಇನ್ನೂ ನೋಯುತ್ತಿದೆ, ಅಕ್ಷರ ಸೊಟ್ಟಗೆ ಬರುತ್ತಿದೆ.

ಹನ್ನೆರಡು ಗಂಟೆಗೆ ಕರೆ ಬಂತು. ಓಡಿದೆ. ಸೋಮಾರಿ ಮಲಗಿಕೊಂಡೇ ತಿಣುಕುತ್ತಿದ್ದಳು. ಹೊರಗೆ ಬಂದಿದ್ದು ಹಿಂಗಾಲು, ಗೊರಸು ಮೇಲ್ಮುಖ. ಇದು ಸರಿಯಿಲ್ಲ ಎಂದು ಕೊಟ್ಟಿಗೆಯವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಡಾಕ್ಟರು ಬೇರೆ ಕಡೆ ಹೋಗಿದ್ದರು, ಬರಲು ಒಂದು ಗಂಟೆ. ಹಿಂದುಮುಂದಾಗಿ ಬರುವ ಕರುವಿನ ಬಳ್ಳಿ ಒಳಗೇ ಹರಿಯುತ್ತದೆ, ತಲೆ ಇನ್ನೂ ಒಳಗಿರುತ್ತದೆ, ಕಾಯುತ್ತ ಕೂತರೆ ಉಸಿರು ಕಟ್ಟುತ್ತದೆ ಎಂದು ಹಗ್ಗ ಕಟ್ಟುತ್ತಲೇ ಹೇಳಿದರು. ಒಂದು ತುದಿ ಅವರು ಹಿಡಿದರು, ಒಂದು ತುದಿ ನಾನು.

"ಅವಳು ತಿಣುಕಿದಾಗ ಮಾತ್ರ ಎಳಿಯಮ್ಮಾ" ಎಂದರು.

ಎಷ್ಟು ಹೊತ್ತು ಎಳೆದೆವೋ ತಿಳಿಯದು. ಕರು ಒಮ್ಮೆಗೇ ಜಾರಿ ಬಂದು ನನ್ನ ಕಾಲ ಬಳಿ ಬಿತ್ತು. ಹಸಿ ಬಟ್ಟೆಯ ಹಾಗೆ ಬಿದ್ದಿತ್ತು, ಅಲುಗಾಡಲಿಲ್ಲ. ಅದೇ ಹೊತ್ತಿಗೆ ಸೋಮಾರಿ ಎದ್ದು ನಿಂತಳು. ಅವಳ ಹಿಂದೆ ನನ್ನ ಬಳ್ಳಿ ನೇತಾಡುತ್ತಿತ್ತು, ಇನ್ನೊಂದು ಗೇಣು ಇಳಿದರೆ ನೆಲ. ಕಟ್ಟೆಯ ಮೇಲೆ ನನ್ನ ಡಬ್ಬಿ, ಕತ್ತರಿ, ಗ್ಲೌಸು ಎಲ್ಲ ಹೊಂದಿಸಿಟ್ಟಿತ್ತು.

"ಮೇಡಂ, ನಿಮ್ಮ ಬಳ್ಳಿ ಹಿಡ್ಕೊಳ್ಳಿ" ಎಂದು ಕೂಗಿದರು.

"ಬಳ್ಳಿ ಹಾಳಾಗಿ ಹೋಗ್ಲಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಬಳ್ಳಿ ಒರೆಸಲೆಂದು ತಂದಿದ್ದ ಬಟ್ಟೆಯ ಪೊಟ್ಟಣ ಹರಿದು, ಅದರಿಂದ ಕರುವಿನ ಮೂಗು ಬಾಯಿಯ ಲೋಳೆ ಎಳೆದೆ. ಕೋಟು ಬಿಚ್ಚಿ ಅದರಿಂದಲೇ ಎದೆ ತಿಕ್ಕಿದೆ. ಜೋರಾಗಿ, ಇನ್ನೂ ಜೋರಾಗಿ ಎಂದು ಹಿಂದಿನಿಂದ ಕೂಗು. ಮೂಗಿಗೆ ಹುಲ್ಲುಕಡ್ಡಿ ತೂರಿಸಿ ಎಂದೂ ಕೂಗಿದರು. ತೂರಿಸಿದೆ. ಏನಿಲ್ಲ. ಇನ್ನೊಂದು ಸಲ ತೂರಿಸಿದೆ. ಕರು ಸೀನಿತು.

ನನಗೆ ಅಳು ಬಂತು. ಜೋರಾಗಿಯೇ ಅತ್ತುಬಿಟ್ಟೆ.

ಆಮೇಲೆ ತಿರುಗಿ ನೋಡಿದೆ. ಕೊಟ್ಟಿಗೆಯವರು ಸೋಮಾರಿಯ ಹಿಂದೆ ನಿಂತಿದ್ದರು. ಕೈಗೆ ನನ್ನ ಗ್ಲೌಸು, ಅವರ ಬೆರಳಿಗೆ ಬಿಗಿಯಾಗಿ ಹರಿಯುವ ಹಾಗಿತ್ತು. ಒಂದು ಕೈಯಲ್ಲಿ ಡಬ್ಬಿ, ಮುಚ್ಚಳ ಭದ್ರ. ಒಳಗೆ ಒಂದು ಗೇಣು ಬಳ್ಳಿ, ನೀರು ತಿಳಿಯಾಗಿತ್ತು.

"ಟಿಂಚರ್ ಮುಟ್ಟಿಲ್ಲ" ಎಂದರು. "ನೀವು ಮಾಡೋದನ್ನ ಎರಡು ಸಲ ನೋಡಿದ್ನಲ್ಲ."

ಡಬ್ಬಿಯನ್ನು ನನ್ನ ಕೈಗಿತ್ತ ಮೇಲೆಯೇ ಲೋಟ ತಂದು ಕರುವಿನ ಹೊಕ್ಕುಳ ಅದ್ದಿದರು. ಬಾಯಲ್ಲಿ ಎಣಿಸುತ್ತಿದ್ದರು. ಗಂಡು ಕರು. ಸೀನಿ ಬದುಕಿದ್ದಕ್ಕೆ ಸೀನ ಎಂದು ಹೆಸರಿಟ್ಟೆ.

ಕೆಲಸವನ್ನು ಹೀಗೆ ಹಂಚಿಕೊಂಡದ್ದರಿಂದಲೇ ಎರಡೂ ಆಯಿತು. ನಾನು ಆ ಹೊತ್ತಿನಲ್ಲಿ ಅದನ್ನೆಲ್ಲ ಯೋಚಿಸಿಯೇ ಇದ್ದಿರಬೇಕು.

ಏಪ್ರಿಲ್ 12, ಶನಿವಾರ

ಕೋಟಿನ ಮೇಲೆ ಮತ್ತೆ ನೀಲಿ ಮಚ್ಚೆ. ಅತ್ತೆ ನನ್ನ ಮುಖ ನೋಡಿದರು. ಇರಲಿ ಬಿಡಿ, ಸೀನನ ಟಿಂಚರ್ ಎಂದೆ. ಸೀನ ಯಾರು ಎಂದರು. ಹೇಳುತ್ತ ಹೇಳುತ್ತ ಒಲೆಯ ಮೇಲಿನ ಹಾಲು ಉಕ್ಕಿತು.

ಏಪ್ರಿಲ್ 18, ಶುಕ್ರವಾರ

ಆರನೆಯ ಮಾದರಿಯಿಂದಲೂ ಕೋಶಗಳು ಹೊರಟಿವೆ. ಉಳಿದ ಎರಡಕ್ಕಿಂತ ಚುರುಕು. ಸೀನನಿಗೆ ಹೇಳಿ ಬಂದೆ, ಅಂದರೆ ಕೊಟ್ಟಿಗೆಯ ಅಣ್ಣನಿಗೆ.

ಮೇ 21, ಬುಧವಾರ

ಇವತ್ತು ಕೊನೆಯ ಪರೀಕ್ಷೆಗೆ ಬಣ್ಣ ಹಾಕಿದೆ. ನಾಲ್ಕು ಮತ್ತು ಐದರದು ಆಗಲೇ ಮುಗಿದಿತ್ತು, ಉಳಿದದ್ದು ಆರು. ಕೊಬ್ಬಿನ ತಟ್ಟೆಯಲ್ಲಿ ಕೋಶಗಳೊಳಗೆ ಸಣ್ಣ ಸಣ್ಣ ಕೆಂಪು ಹನಿಗಳು. ಮೂಳೆಯ ತಟ್ಟೆಯಲ್ಲಿ ಸುಣ್ಣ ಕಟ್ಟಿ ಕಿತ್ತಳೆಗೆಂಪು. ಮೃದ್ವಸ್ಥಿಯದು ನ್ಯಾಯವಾದ ನೀಲಿ. ಈ ನೀಲಿಗೆ ಅಯೋಡಿನ್ ಸಂಬಂಧವಿಲ್ಲ ಎಂದು ಸರ್‌ಗೆ ಹೇಳಿ ನಕ್ಕೆ. ಅವರಿಗೆ ಅರ್ಥವಾಗಲಿಲ್ಲ, ಏಕೆಂದರೆ ಹಾಳೆಯ ಕಥೆ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಕೂರಿಸಿ ಪೂರ್ತಿ ಹೇಳಿದೆ. ಮೂರು ಗೆರೆಯವರೆಗೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

ಮೇ 26, ಸೋಮವಾರ

ಸಮಿತಿಯಲ್ಲಿ ನಾಲ್ವರು. ತಟ್ಟೆಗಳನ್ನು ನೋಡಿದರು, ಇವು ಕಾಂಡಕೋಶಗಳೇ ಎಂದು ಹೇಳುವ ಮೇಲ್ಮೈ ಗುರುತುಗಳ ವರದಿ ನೋಡಿದರು, ತಲೆಯಾಡಿಸಿದರು. ಮೊದಲ ಮೂರು ಮಾದರಿ ಏಕೆ ಸತ್ತವು ಎಂದು ಹಿರಿಯರು ಕೇಳಿದರು. ಸರ್ ಏನೋ ತಡವರಿಸಲು ಹೊರಟರು. ನಾನು ಎದ್ದು, ನಾನು ಬರೆದ ಸೂಚನೆ ತಪ್ಪಾಗಿತ್ತು ಎಂದೆ.

ಆಮೇಲೆ ಸಂಗ್ರಹಣೆಯ ನಮೂನೆಗಳನ್ನು ತಿರುವಿ ಹಾಕಿದರು. ಸಂಗ್ರಹಿಸಿದವರ ಸಹಿ ಎಂಬ ಜಾಗದಲ್ಲಿ ನಾಲ್ಕು, ಐದಕ್ಕೆ ನನ್ನದು. ಆರನೆಯದಕ್ಕೆ ಬೇರೆ ಸಹಿ, ದುಂಡಗೆ, ಒತ್ತಿ ಬರೆದದ್ದು. ಹೋದ ತಿಂಗಳು ಕಟ್ಟೆಯ ಮೇಲೆ ಕೂರಿಸಿ ಮಾಡಿಸಿದ್ದೆ, ಸಹಿಗೆ ಮೊದಲು ಕೈ ತೊಳೆದುಕೊಂಡು ಬಂದಿದ್ದರು. ಇವರು ಯಾರು, ಇವರಿಗೆ ಇದರಲ್ಲಿ ತರಬೇತಿ ಆಗಿದೆಯೇ ಎಂದು ಕೇಳಿದರು.

"ಹನ್ನೊಂದು ವರ್ಷದಲ್ಲಿ ಒಂದು ಕರುವಿನ ಹೊಕ್ಕುಳವೂ ಕೆಡದ ಹಾಗೆ ನೋಡಿಕೊಂಡವರು" ಎಂದೆ. "ತರಬೇತಿ ನನಗೆ ಆಯಿತು."

ಹಿರಿಯರು ಬರೆದುಕೊಂಡರು. ನಾಲ್ಕು ಗಂಟೆಗೆ ಸರ್ ಓಡಿಬಂದು ಕೋಣೆ ನಮ್ಮದೇ ಎಂದರು. ನಾನಂತೂ ಮೊದಲ ದಿನವೇ ಹೇಳಿದ್ದೆ. ಪಡಸಾಲೆಯ ಬೀರುಗಳನ್ನು ಸಂಜೆಯೇ ತಳ್ಳಿಕೊಂಡು ಹೋದರು, ಬಾಗಿಲು ಎಡಕ್ಕೆ ತೆರೆದುಕೊಂಡು ಬಡಿಯುತ್ತಿತ್ತು.

ಮೇ 27, ಮಂಗಳವಾರ

ಮುಂದಿನ ಮಾದರಿಗಳಿಗಾಗಿ ಸೂಚನೆ ಹಾಳೆಯನ್ನು ಹೊಸದಾಗಿ ಬರೆದೆ. "ಶುದ್ಧ" ಎಂಬ ಪದ ಎಲ್ಲೂ ಇಲ್ಲ, ಗೆರೆಗಳೂ ಇಲ್ಲ. ಅಣ್ಣನಿಗೆ ಓದಿ ಹೇಳಿದೆ. ಅವರು ಸೀನನ ಕಿವಿ ಕೆರೆಯುತ್ತ ಕೊನೆಯವರೆಗೂ ಕೇಳಿ, ಇದು ಸರಿಯಾಗಿದೆ ತಂಗಿ ಎಂದರು. ಸರ್‌ಗೆ ತೋರಿಸಿದೆ. ಅವರು ಮೊದಲ ಸಾಲಿನಲ್ಲೇ ನಿಂತರು.

1. ಮೊದಲು ಕರು ಉಸಿರಾಡುತ್ತಿದೆಯೇ ನೋಡಿ. ಉಳಿದದ್ದೆಲ್ಲ ಆಮೇಲೆ.

ಇದನ್ನು ಹೊಸದಾಗಿ ಸೇರಿಸಿದಿರಾ ಎಂದು ಕೇಳಿದರು. ಹೊಸದೇನಿಲ್ಲ ಸರ್, ಹಳೆಯದರಲ್ಲೂ ಇದೇ ಇತ್ತಲ್ಲ ಎಂದೆ. ಇರಲಿಲ್ಲವಂತೆ. ಫೈಲಿನಿಂದ ಮೂರು ಹಾಳೆಯ ಪ್ರತಿಗಳನ್ನೂ ತೆಗೆದು ಮೇಜಿನ ಮೇಲೆ ಹರಡಿದರು. ನಿಜ, ಇರಲಿಲ್ಲ. ನಾನು ಮೊದಲಿನಿಂದಲೂ ಹೀಗೇ ಹೇಳುತ್ತಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಬರೆಯುವಾಗ ಬಿಟ್ಟುಹೋಗಿರಬೇಕು.